ಸಹಾಯ ಬೇಕು: ಜಾಮೀನು ಸಿಕ್ಕರೂ ಶ್ಯೂರಿಟಿ (ಕೋರ್ಟಿನಲ್ಲಿ ಹೊಣೆ ನಿಲ್ಲುವವರು) ಸಿಗದವರ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ, ಕೊಡಗಿನ ವಿಚಾರಣಾಧೀನ ಕೈದಿಗಳು.

ದೇಶದ ಜೈಲುಗಳಲ್ಲಿ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಇನ್ನೂ ತೀರ್ಪೇ ಆಗಿಲ್ಲ. 2024ರ ಜುಲೈಯಿಂದ ಜಾರಿಯಲ್ಲಿರುವ, ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್, ಹಿಂದೆ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಾಂಡ್ ಮೇಲೆ ಬಿಡಬೇಕು ಅನ್ನುತ್ತದೆ. ಮರಣದಂಡನೆ, ಜೀವಾವಧಿ ಕೇಸುಗಳಿಗೆ ಇದಿಲ್ಲ. ಬಡ ಕೈದಿಗಳ ಜಾಮೀನಿಗೆ ಹಣ ಕೊಡುವ ಕೇಂದ್ರದ ಯೋಜನೆಯೂ 2023ರಿಂದ ಇದೆ. ಕಾಗದದ ಮೇಲೆ ಎಲ್ಲಾ ಚೆನ್ನಾಗಿಯೇ ಇದೆ, ಅಲ್ವಾ?

ನನಗೆ ಬೇಕಿರುವುದು ಊರಿನ ಕಥೆ. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಶ್ಯೂರಿಟಿಗೆ ತೋರಿಸಲು ಆರ್‌ಟಿಸಿ (ಜಮೀನಿನ ಪಹಣಿ) ಎಲ್ಲಿಂದ ಬರಬೇಕು? ಅವರಿಗೆ ಶ್ಯೂರಿಟಿ ನಿಲ್ಲುವವರು ಯಾರು, ತೋಟದ ಸಾಹುಕಾರರಾ, ಲೆಕ್ಕ ನೋಡುವ ರೈಟರಾ, ನೆಂಟರಾ? ನಿಂತ ಮೇಲೆ ಕೂಲಿಯಲ್ಲಿ ಹಿಡಿಯುತ್ತಾರಾ? ಜಮ್ಮಾ ಜಾಗದ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಪಹಣಿ ಅಜ್ಜಂದಿರ ಹೆಸರಲ್ಲೇ ಇದ್ದರೆ ಕೋರ್ಟು ಒಪ್ಪುತ್ತದಾ?

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕೋರ್ಟುಗಳ ವಕೀಲರು, ಶ್ಯೂರಿಟಿ ನಿಂತು ಅನುಭವ ಇರುವವರು ದಯವಿಟ್ಟು ಮೆಸೇಜ್ ಮಾಡಿ. ಇಲ್ಲಿನ ಯರವ ಬುಡಕಟ್ಟಿನವರ ಭಾಷೆ ಬಲ್ಲವರು ಮಾತುಕತೆಗೆ ಜೊತೆ ಬಂದರೆ ತುಂಬಾ ಉಪಕಾರ. ಹೆಸರು, ಕೇಸ್ ನಂಬರ್ ಯಾವುದನ್ನೂ ಬರೆದುಕೊಳ್ಳುವುದಿಲ್ಲ. ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.