ಯಾರು ಯಾರಿಗೆ ಫೋನ್ ಮಾಡಿದರು ಅಂತ ಸರ್ಕಾರ ಬರೆದಿಟ್ಟುಕೊಂಡರೆ ನಮಗೆ ಯಾಕೆ ಸಿಟ್ಟು ಬರಲ್ಲ?

ಕಾಜುಬಾಗ ಝೆರಾಕ್ಸ್ (ಕಾರವಾರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸ್, ರೀಚಾರ್ಜ್, ಪಹಣಿ ಪ್ರಿಂಟು, ಇಂಥದ್ದು. ಮಗಳು ಬಿ.ಎ. ಎರಡನೇ ವರ್ಷ. ಕಾಲೇಜಿನಲ್ಲಿ ಮಾತಾಡಲು ಅವಳಿಗೊಂದು ವಿಷಯ ಕೊಟ್ಟಿದ್ದಾರೆ. 2013ರಲ್ಲಿ ಅಮೆರಿಕದ ಸರ್ಕಾರ ಗುಟ್ಟಾಗಿ ಜನರ ಫೋನ್ ಲೆಕ್ಕ ತೆಗೆದುಕೊಳ್ಳುತ್ತಿದ್ದದ್ದು ಹೊರಬಿತ್ತಲ್ಲ, ಅದಕ್ಕೆ ಅಲ್ಲಿಯ ಜನ ಏನಂದರು ಅಂತ. ಅವಳ ಹಾಳೆ ಪ್ರಿಂಟ್ ತೆಗೆಯುತ್ತ ನಾನೂ ಓದಿದೆ. ಅಲ್ಲಿಂದ ತಲೆಯಲ್ಲಿ ಹುಳ ಕೊರೆಯುತ್ತಿದೆ.

ನನಗೆ ಅರ್ಥವಾದದ್ದು ಇಷ್ಟು. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಗಾಗಿ ಕೆಲಸ ಮಾಡುತ್ತಿದ್ದ ಸ್ನೋಡೆನ್ ಎಂಬ 29 ವರ್ಷದ ಹುಡುಗ ಕೊಟ್ಟ ಒಂದು ಕೋರ್ಟ್ ಆದೇಶವನ್ನು ಆ ವರ್ಷ ಜೂನ್ ಮೊದಲ ವಾರ ಗಾರ್ಡಿಯನ್ ಪತ್ರಿಕೆ ಹಾಕಿತು. ವೆರಿಝಾನ್ ಫೋನ್ ಕಂಪನಿಯ ಒಂದು ಅಂಗಕ್ಕೆ ಬಂದ ಆದೇಶ. ಎಲ್ಲ ಗ್ರಾಹಕರ ಕರೆ ಲೆಕ್ಕವನ್ನು ದಿನಾ ಎನ್‌ಎಸ್‌ಎಗೆ ಒಪ್ಪಿಸಬೇಕು, ಈ ವಿಷಯ ಯಾರಿಗೂ ಹೇಳಬಾರದು. ಮಾತು ಬೇಡ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಅಷ್ಟೇ. ಒಬಾಮಾ ಕೂಡ, ನಿಮ್ಮ ಮಾತನ್ನು ಯಾರೂ ಕೇಳುತ್ತಿಲ್ಲ ಅಂದರು. ಕೂಡಲೇ ಸಮೀಕ್ಷೆ ಮಾಡುವ ಪ್ಯೂ ಸಂಸ್ಥೆ ಜನರನ್ನು ಕೇಳಿದರೆ ನೂರಕ್ಕೆ 56 ಮಂದಿ, ಉಗ್ರರನ್ನು ಹಿಡಿಯಲಿಕ್ಕಾದರೆ ಪರವಾಗಿಲ್ಲ ಅಂದರಂತೆ.

ಸುಮ್ನೆ ಅಂಗಡಿಗೆ ಬಂದವರನ್ನೂ ಕೇಳಿದೆ. ಮೀನು ಮಾರುವ ಆಯಿ ನಕ್ಕಳು. "ನನ್ನ ಫೋನ್ ನೋಡಿದ್ರೆ ಅವರಿಗೆ ಬಂಗಡೆ ರೇಟು ಸಿಕ್ಕೀತು, ನೋಡ್ಲಿ ಬಿಡು." ಆಧಾರ್ ಝೆರಾಕ್ಸಿಗೆ ಬಂದ ಮಾಸ್ತರರು, "ಒಂದು ಬದಿ ನೌಕಾನೆಲೆ, ಇನ್ನೊಂದು ಬದಿ ಕೈಗಾ. ನಡುವೆ ಕೂತ ನಮ್ಮನ್ನು ನೋಡದೆ ಇರ್ತಾರಾ?" ಅಂದರು. ಹೆಮ್ಮೆಯಿಂದಲೇ ಅಂದರು ಅನ್ನಿಸಿತು. ಒಬ್ಬರಿಗೂ ಸಿಟ್ಟಿಲ್ಲ.

ನನಗೆ ಮಾತ್ರ ನಮ್ಮಪ್ಪ ನೆನಪಾದ. 1998ರಲ್ಲಿ ಮನೆಗೆ ಬಂದ ಫೋನ್ ಬಿಲ್ ನೋಡಿ ಅಪ್ಪನಿಗೆ ತಲೆ ತಿರುಗಿತು. ಅರ್ಜಿ ಕೊಟ್ಟು ಎಸ್‌ಟಿಡಿ ಪಟ್ಟಿ ತರಿಸಿದ. ಕನ್ನಡಕ ಹಾಕಿ, ಕೆಂಪು ಪೆನ್ನು ಹಿಡಿದು ಜಗಲಿಯಲ್ಲಿ ಕೂತ. 0836ರ ಒಂದೇ ನಂಬರು, 27 ಸಲ. ಧಾರವಾಡದ ಒಂದು ಬೂತಿನದು. ಎಲ್ಲ ಕರೆಯೂ ರಾತ್ರಿ ದರ ಇಳಿದ ಮೇಲೆ. ಭಾನುವಾರ ಉದ್ದ, ಉಳಿದ ದಿನ ಗಿಡ್ಡ. ನಡುವೆ ಎಂಟು ದಿನ ಒಂದೂ ಇಲ್ಲ. ಅಪ್ಪ ಅಲ್ಲಿ ಒಂದು ಸೊನ್ನೆ ಸುತ್ತಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದ: "ಈ ವಾರ ಜಗಳ ಆಗಿತ್ತೇನೋ?"

ಆಗಿತ್ತು. ಒಂದೇ ಒಂದು ಮಾತು ಕೇಳದೆ ಅಪ್ಪ ಅದನ್ನೂ ಕಂಡುಹಿಡಿದಿದ್ದ. (ಆ ಬೂತಿನಲ್ಲಿ ಕಾಯುತ್ತಿದ್ದವಳು ಈಗ ಒಳಗೆ ಬಂಗಡೆ ಹುರಿಯುತ್ತಿದ್ದಾಳೆ. ಹಾಗಾಗಿ ಕಥೆ ಸುಖಾಂತ.)

ಈಗ ಹೇಳಿ. ಬರೀ ಲೆಕ್ಕ ತಾನೇ ಅಂತ ಸುಮ್ಮನಿರುವುದು ಸರಿಯಾ? ನಾನೇ ಜಾಸ್ತಿ ತಲೆ ಕೆಡಿಸಿಕೊಂಡಿದ್ದೇನಾ?

ಬೈತಖೋಲ್ ಬೋಟು:

ಜಾಸ್ತಿ ತಲೆ ಕೆಡಿಸಿಕೊಂಡಿದ್ದೀರಿ ಮಾರಾಯ್ರೆ.

2008ರಲ್ಲಿ ಮುಂಬೈಗೆ ಬಂದ ಉಗ್ರರು ಮೀನಿನ ಬೋಟನ್ನೇ ಹಿಡಿದುಕೊಂಡು ಬಂದದ್ದು. ಕುಬೇರ್ ಅಂತ ಬೋಟಿನ ಹೆಸರು. ಅದನ್ನು ನಡೆಸುವ ತಾಂಡೇಲನನ್ನೂ ಕೊಂದರು. ಆಮೇಲೆ ನಮಗೆಲ್ಲ ಗುರುತಿನ ಕಾರ್ಡು ಬಂತು. ಕೋಸ್ಟ್ ಗಾರ್ಡಿನವರು ಸಮುದ್ರದಲ್ಲಿ ನಿಲ್ಲಿಸಿದರೆ ಖಲಾಸಿಗಳ ಸಮೇತ ಎಲ್ಲರೂ ತೋರಿಸಬೇಕು. ನಾನು ಎಲ್ಲಿಗೆ ಹೋದೆ, ಯಾವಾಗ ಬಂದೆ ಎಲ್ಲ ಅವರಿಗೆ ಗೊತ್ತಿರಬೇಕು. ನನಗೇನೂ ಬೇಜಾರಿಲ್ಲ. ಬಲೆ ಬೀಸುವಾಗ ಹತ್ತಿರ ಗೊತ್ತಿಲ್ಲದ ದೋಣಿ ಕಂಡರೆ ಹೆದರುವವರು ನಾವು, ಅಂಗಡಿಯಲ್ಲಿ ಕೂತವರಲ್ಲ.

ಅಮೆರಿಕದವರು 56 ಮಂದಿ ಸರಿ ಅಂದದ್ದು ದಡ್ಡತನದಿಂದ ಅಲ್ಲ. ಪೆಟ್ಟು ತಿಂದವರು ಅವರು.

ಟ್ರಂಕ್ ಕಾಲ್ (ಶಿರಸಿ):

ತಮ್ಮಾ, ನಿನ್ನ ಅಪ್ಪ ನಮ್ಮ ಇಲಾಖೆಯಲ್ಲಿ ಇರಬೇಕಿತ್ತು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವನು. ಸೇರಿದ ಹೊಸದರಲ್ಲಿ ಹೊರಊರಿಗೆ ಮಾತಾಡಬೇಕಾದರೆ ಟ್ರಂಕ್ ಬುಕ್ ಮಾಡಬೇಕಿತ್ತು. ಪ್ರತಿ ಕಾಲಿಗೂ ಒಂದು ಟಿಕೆಟ್. ಅಂಗೈ ಅಗಲದ ಚೀಟಿ. ಮಾಡಿದವರ ನಂಬರು, ಬೇಕಾದ ಊರು, ನಂಬರು, ಬುಕ್ ಆದ ಹೊತ್ತು, ಸಿಕ್ಕ ಹೊತ್ತು, ಎಷ್ಟು ನಿಮಿಷ. ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ ಅಂತ ಒಂದು ಗುರುತು. ಎನ್‌ಎಸ್‌ಎ ತೆಗೆದುಕೊಂಡದ್ದೂ ಇದನ್ನೇ ಅಲ್ವಾ?

ನಾವು ಮಾತು ಕೇಳಬಹುದಿತ್ತು, ಲೈನ್ ನಮ್ಮ ಕೈಯಲ್ಲೇ ಇರುತ್ತಿತ್ತು. ಆದರೆ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅಡಿಕೆ ವ್ಯಾಪಾರದ ಪೇಟೆ ನಮ್ಮದು. ಆರ್ಡಿನರಿಯಲ್ಲೇ ಮಾತಾಡುವ ಜುಗ್ಗ ವ್ಯಾಪಾರಿ ಒಂದೇ ಬೆಳಿಗ್ಗೆ ಅಹಮದಾಬಾದಿಗೆ ಎರಡು ಅರ್ಜೆಂಟ್ ಹಾಕಿದ ಅಂದರೆ ಚಾಲಿ ಅಡಿಕೆಯ ದರ ಏರುತ್ತದೆ ಅಂತ ನಮಗೆ ಗೊತ್ತು. ಒಂದು ಮನೆಯಿಂದ ಮೂರು ದಿನ ಬಿಡದೆ ಮಣಿಪಾಲಕ್ಕೆ ಕಾಲ್. ನಾಲ್ಕನೇ ದಿನ ಬೆಳಗಿನ ಐದಕ್ಕೆ ಬೊಂಬಾಯಿ, ಹುಬ್ಬಳ್ಳಿ, ಸಾಗರ, ಬೆಂಗಳೂರು, ಎಲ್ಲ ಲೈಟ್ನಿಂಗ್. ಡ್ಯೂಟಿ ಮುಗಿಸಿ ನಾನು ಮನೆಗೆ ಹೋಗಿ ಸ್ನಾನ ಮಾಡಿ ಸೀದಾ ಆ ಮನೆಯ ಅಂಗಳಕ್ಕೆ ಹೋದೆ. "ನಿಂಗೆ ಯಾರು ಹೇಳಿದ್ರು?" ಅಂತ ಕೇಳಿದರು. ಯಾರು ಹೇಳಬೇಕು? ಟಿಕೆಟ್ ಹೇಳಿತ್ತು.

ಮಾತಿನಲ್ಲಿ ಜನ ಸುಳ್ಳು ಹೇಳುತ್ತಾರೆ. ಟಿಕೆಟ್ಟಿನಲ್ಲಿ ಹೇಳಲಿಕ್ಕಾಗಲ್ಲ.

ಬೋಟಿನವರೇ, ನಿಮ್ಮ ಮಾತು ತೆಗೆದುಹಾಕುವುದಿಲ್ಲ. ಆದರೆ ಒಂದು ನೋಡಿ. ನನಗೆ ಎಲ್ಲ ಗೊತ್ತು ಅಂತ ಶಿರಸಿಗೆಲ್ಲ ಗೊತ್ತಿತ್ತು. ನಾನು ಯಾರ ಮಗ, ಯಾವ ಕೇರಿಯಲ್ಲಿ ಮನೆ, ಅದೂ ಗೊತ್ತಿತ್ತು. ಒಂದು ಸಲ ಒಬ್ಬರ ಮನೆಯ ಮದುವೆ ಮಾತುಕತೆ ಮುರಿದದ್ದನ್ನು ಚಾ ಅಂಗಡಿಯಲ್ಲಿ ಬಾಯಿ ತಪ್ಪಿ ಅಂದುಬಿಟ್ಟೆ. ಮರುದಿನ ಬೆಳಿಗ್ಗೆ ಆ ಮನೆಯ ಯಜಮಾನರು ನಮ್ಮ ಜಗಲಿಯಲ್ಲಿ ನಮ್ಮಪ್ಪನ ಎದುರು ಕೂತಿದ್ದರು. ಏನಾಯಿತು ಅಂತ ಬರೆಯುವುದಿಲ್ಲ. ಆಮೇಲೆ ನಾನು ಕೆಲಸದ ಮಾತು ಹೊರಗೆ ಆಡಲಿಲ್ಲ. ಗುಟ್ಟಾಗಿ ಲೆಕ್ಕ ಇಡುವವನ ಅಪ್ಪನ ಜಗಲಿ ಎಲ್ಲಿದೆ ಅಂತ ಹುಡುಕುವುದು?

1988ರ ಆಗಸ್ಟಿನಲ್ಲಿ ಫೋನ್ ಕದ್ದಾಲಿಕೆ ವಿವಾದ ಎದ್ದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟರಲ್ಲ, ಅವರು ನಮ್ಮ ಪಕ್ಕದ ಸಿದ್ದಾಪುರದವರೇ. ಇಲ್ಲಿ ಬಹಳ ಜನಕ್ಕೆ ಬೇಜಾರಾಯಿತು. ಬಿಲ್ ಕಟ್ಟಲು ಬಂದವರೆಲ್ಲ "ನೀವೇನಾ ಕೇಳ್ತಿದ್ದದ್ದು?" ಅಂತ ನಮ್ಮ ಕಾಲೆಳೆದರು. ಆದರೆ ಅದು ಮಾತು ಕದ್ದು ಕೇಳಿದ ಆರೋಪ. ಟಿಕೆಟ್ ಕಟ್ಟುಗಳ ಬಗ್ಗೆ ಅವತ್ತೂ ಯಾರೂ ಕೇಳಲಿಲ್ಲ.

ಕುಮಟಾ ವಕೀಲೆ:

ಟ್ರಂಕ್ ಕಾಲ್ ಅಜ್ಜ ಹೇಳಿದ್ದರ ಮುಂದೆ ಕಾನೂನು ಸಪ್ಪೆ. ಆದರೂ ಮಗಳ ಭಾಷಣಕ್ಕೆ ಬೇಕಾದೀತು ಅಂತ ಬರೆಯುತ್ತೇನೆ.

ಝೆರಾಕ್ಸ್ ಅಣ್ಣ, 56ಕ್ಕೆ ನಿಲ್ಲಿಸಬೇಡಿ. 2014ರ ಜನವರಿ ಹೊತ್ತಿಗೆ ಅದೇ ಪ್ಯೂ ಕೇಳಿದಾಗ ಎನ್‌ಎಸ್‌ಎ ಮಾಡಿದ್ದು ಸರಿ ಅಂದವರು 40, ಸರಿಯಲ್ಲ ಅಂದವರು 53. ಅಂದರೆ ಸಿಟ್ಟು ಬಂತು, ತಡವಾಗಿ ಬಂತು. ಇನ್ನೊಂದು ಮಜಾ ನೋಡಿ. 2006ರಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಅಧ್ಯಕ್ಷರಿದ್ದಾಗ ಇಂಥದೇ ಪ್ರಶ್ನೆಗೆ ರಿಪಬ್ಲಿಕನ್ನರಲ್ಲಿ 75 ಮಂದಿ ಸರಿ ಅಂದಿದ್ದರು, ಡೆಮಾಕ್ರಾಟರಲ್ಲಿ 37. ಡೆಮಾಕ್ರಾಟರ ಒಬಾಮಾ ಬಂದ ಮೇಲೆ, 2013ರಲ್ಲಿ, ರಿಪಬ್ಲಿಕನ್ನರು 52ಕ್ಕೆ ಇಳಿದರು, ಡೆಮಾಕ್ರಾಟರು 64ಕ್ಕೆ ಏರಿದರು. ನೋಡುವವನು ನಮ್ಮವನಾದರೆ ಪರವಾಗಿಲ್ಲ! ನಮ್ಮ ಊರಿನ ಕಟ್ಟೆ ಮಾತೂ ಹೀಗೇ ಅಲ್ವಾ?

ಬೋಟು ಅಣ್ಣನಿಗೆ: ಪೆಟ್ಟು ತಿಂದವರೇ ಹೌದು. ಆದರೆ ಅಮೆರಿಕ ಸರ್ಕಾರದ್ದೇ ಒಂದು ಮೇಲ್ವಿಚಾರಣಾ ಮಂಡಳಿ ಎಲ್ಲ ನೋಡಿ 2014ರಲ್ಲಿ ವರದಿ ಕೊಟ್ಟಿತು. ಉಗ್ರರ ತನಿಖೆಯಲ್ಲಿ ಈ ಲೆಕ್ಕದ ರಾಶಿಯಿಂದ ನಿಜವಾಗಿ ಫಲಿತಾಂಶ ಬದಲಾದ ಒಂದೂ ಉದಾಹರಣೆ ಅದಕ್ಕೆ ಸಿಗಲಿಲ್ಲ. 2015ರಲ್ಲಿ ಕಾನೂನು ಬದಲಾಗಿ ರಾಶಿ ಎತ್ತುವುದು ನಿಂತಿತು. 2020ರಲ್ಲಿ ಅಲ್ಲಿಯ ಒಂದು ಮೇಲ್ಮನವಿ ಕೋರ್ಟು ಅದು ಕಾನೂನುಬಾಹಿರವಾಗಿತ್ತು ಅಂತಲೂ ಹೇಳಿತು. ಎಲ್ಲರ ಮನೆಯ ಹುಲ್ಲನ್ನೂ ತಂದು ಒಂದೇ ಬಣವೆ ಮಾಡಿದರೆ ಸೂಜಿ ಹುಡುಕುವುದು ಸುಲಭ ಆಗಲ್ಲ.

ನಮ್ಮಲ್ಲಿ? ಮಾತು ಕೇಳಬೇಕಾದರೆ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಕಟ್ಟಿಹಾಕಿದೆ. ಕರೆ ಪಟ್ಟಿಗೆ, ಅಂದರೆ ಪೊಲೀಸರು ಸಿಡಿಆರ್ ಅನ್ನುವುದಕ್ಕೆ, ಅಷ್ಟು ಬಿಗಿ ಇಲ್ಲ. ಹಿರಿಯ ಪೊಲೀಸ್ ಅಧಿಕಾರಿ ಕೇಳಿದರೆ ಕಂಪನಿ ಕೊಡುತ್ತದೆ. 2021ರ ಕೊನೆಯಿಂದ ಕಂಪನಿಗಳು ಈ ಪಟ್ಟಿಯನ್ನು ಎರಡು ವರ್ಷ ಇಟ್ಟುಕೊಂಡಿರಬೇಕು, ಮೊದಲು ಒಂದು ವರ್ಷ ಇತ್ತು. 2020ರ ಮಾರ್ಚಿನಲ್ಲಿ, ಕೆಲವು ರಾಜ್ಯಗಳ ಎಲ್ಲ ಗ್ರಾಹಕರ ಕೆಲವು ದಿನಗಳ ಸಿಡಿಆರ್ ಒಟ್ಟಿಗೇ ಕೇಳುತ್ತಿದ್ದಾರೆ ಅಂತ ಫೋನ್ ಕಂಪನಿಗಳ ಸಂಘ ದೂರಿದ್ದು ಪತ್ರಿಕೆಯಲ್ಲಿ ಬಂದಿತ್ತು. ಅದೇ ತಿಂಗಳು ಲಾಕ್‌ಡೌನ್. ಎಲ್ಲ ಮರೆತೆವು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಟ್ಟಾಗಿ ಹೇಳಿದ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಇದನ್ನು ಭಾಷಣದಲ್ಲಿ ತಪ್ಪದೆ ಹಾಕಿ.

ಬೈತಖೋಲ್ ಬೋಟು:

ವಕೀಲರೇ, ಒಪ್ಪಿದೆ ಅಂತಲ್ಲ. ಆದರೆ ಅಜ್ಜನ ಟಿಕೆಟ್ ಮಾತು ಓದಿ ನನ್ನ ಫೋನ್ ತೆಗೆದು ಈ ವಾರದ ಪಟ್ಟಿ ನೋಡಿದೆ. ಐಸ್ ಫ್ಯಾಕ್ಟರಿ, ಡೀಸೆಲ್ ಬಂಕು, ಸಾಲ ಕೊಟ್ಟ ಶೇಟ್ ಆರು ಸಲ, ಮತ್ತೆ ಶೇಟ್, ಭಾವ ಎರಡು ಸಲ. ಸಾಲ ಕಟ್ಟಲಿಕ್ಕಾಗದೆ ಭಾವನ ಹತ್ತಿರ ಕೇಳಿದ್ದು ಹೆಂಡತಿಗೇ ಗೊತ್ತಿಲ್ಲ. ಪಟ್ಟಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಕಾರ್ಡು ತೋರಿಸುವುದು ಬೇರೆ. ಅಲ್ಲಿ ಎದುರಿಗೆ ನಿಂತು ಕೇಳುತ್ತಾರೆ, ನಾನು ತೋರಿಸುತ್ತೇನೆ.

ಕಾಜುಬಾಗ ಝೆರಾಕ್ಸ್ (ಕಾರವಾರ):

ಎಲ್ಲರಿಗೂ ದೊಡ್ಡ ಉಪಕಾರ. ಎಲ್ಲ ಪ್ರಿಂಟ್ ತೆಗೆದು ಮಗಳಿಗೆ ಕೊಟ್ಟೆ. (ಬೋಟು ಅಣ್ಣ, ನಿಮ್ಮ ಎರಡನೇ ಉತ್ತರ ಬಿಟ್ಟು.) ಅವಳು ಈಗ ಅಮೆರಿಕ ಕಡಿಮೆ ಮಾಡಿ ಟ್ರಂಕ್ ಟಿಕೆಟ್ಟಿನಿಂದಲೇ ಶುರು ಮಾಡುತ್ತಾಳಂತೆ. ಅಜ್ಜನ ಜೊತೆ ಒಂದು ಸಲ ಮಾತಾಡಬೇಕಂತೆ. ಸರ್, ನಿಮ್ಮ ನಂಬರು ಕೊಡುತ್ತೀರಾ?

ಅಂದಹಾಗೆ ಅಪ್ಪನ ಆ ಪಟ್ಟಿ ಸಿಕ್ಕಿತು. ಎಲ್‌ಐಸಿ ಕಾಗದಗಳ ನಡುವೆ ಇತ್ತು. ಕೆಂಪು ಸೊನ್ನೆ ಹಾಗೇ ಇದೆ. ಹೆಂಡತಿ ನೋಡಿ, "ಆ ಜಗಳ ಯಾಕಾಗಿತ್ತು?" ಅಂತ ಕೇಳಿದಳು. ನನಗೂ ನೆನಪಿಲ್ಲ.

ಟ್ರಂಕ್ ಕಾಲ್ (ಶಿರಸಿ):

ಇಷ್ಟೆಲ್ಲ ಓದಿದ ಮೇಲೂ ನಂಬರು ಕೇಳ್ತೀಯಲ್ಲೋ ತಮ್ಮಾ! ಶನಿವಾರ ಮಗಳನ್ನು ಕರೆದುಕೊಂಡು ದೇವಿಮನೆ ಘಟ್ಟ ಹತ್ತಿ ಬಾ. ವಿಳಾಸ ಬೇಡ, ಪೇಟೆಯಲ್ಲಿ ಯಾರನ್ನಾದರೂ ಕೇಳು, ಹಳೆ ಎಕ್ಸ್‌ಚೇಂಜಿನ ಅಜ್ಜ ಅಂದರೆ ತೋರಿಸುತ್ತಾರೆ. ಊಟಕ್ಕೆ ಅಪ್ಪೆಹುಳಿ ಇರುತ್ತದೆ. ಪಟ್ಟಿ ತರುವುದನ್ನು ಮರೆಯಬೇಡ, ಆ ಎಂಟು ದಿನ ನಾನೂ ಒಮ್ಮೆ ನೋಡುತ್ತೇನೆ.