ಅಪ್‌ಡೇಟ್: ಶನಿವಾರದ ಸಂಬಳ ಬಟವಾಡೆ ಈಗ ತಪ್ಪುತ್ತಿಲ್ಲ

ಪೀಣ್ಯದಲ್ಲಿ ಹೊಸದಾಗಿ ಲೇತ್ ಜಾಬ್‌ವರ್ಕ್ (ಬೇರೆ ಕಂಪನಿಗಳಿಗೆ ಲೋಹದ ಭಾಗ ಕಡೆದು ಕೊಡುವ ಕೆಲಸ) ಶುರು ಮಾಡಿದ್ದೇನೆ, ಬಿಲ್ ದುಡ್ಡು ತಿಂಗಳುಗಟ್ಟಲೆ ಬರುವುದಿಲ್ಲ, ಹುಡುಗರಿಗೆ ವಾರದ ಸಂಬಳ ಹೇಗೆ ಕೊಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವುದು. ಆನ್‌ಲೈನ್‌ನಲ್ಲೇ ಆಗುತ್ತದೆ, ಫೀಸ್ ಇಲ್ಲ. ಆ ನಂಬರನ್ನು ಈಗ ಪ್ರತಿ ಬಿಲ್ ಮೇಲೂ ಹಾಕುತ್ತೇನೆ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ನಮ್ಮಂಥ ಸಣ್ಣವರಿಗೆ 15 ದಿನದೊಳಗೆ ದುಡ್ಡು ಕೊಡಬೇಕು. ಬರವಣಿಗೆಯಲ್ಲಿ ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ಬಂದ ತೆರಿಗೆ ನಿಯಮ ಇನ್ನೂ ಬಿಗಿ: ಗಡುವು ಮೀರಿದರೆ, ಗಿರಾಕಿ ಆ ಖರ್ಚನ್ನು ತನ್ನ ತೆರಿಗೆ ಲೆಕ್ಕದ ಆದಾಯದಿಂದ ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಬಹುದು. ದೊಡ್ಡ ಗಿರಾಕಿಯ ಅಕೌಂಟ್ಸ್‌ನವರಿಗೆ ಜಗಳ ಆಡದೆ ಇಷ್ಟನ್ನೇ ನೆನಪಿಸಿದೆ. ಹಳೆ ಬಾಕಿ ಬಹುಪಾಲು ಬಂತು.

ಚಿಕ್ಕ ಗಿರಾಕಿಗಳಿಂದ ಅಡ್ವಾನ್ಸ್ ತಗೊಂಡೇ ಕೆಲಸ ಹಿಡಿಯುತ್ತೇನೆ. ಬಂದ ದುಡ್ಡಿನಲ್ಲಿ ಮೊದಲು ಬಟವಾಡೆಯ ಪಾಲು ಬೇರೆ ಖಾತೆಗೆ ಹೋಗುತ್ತದೆ. ಜಿಎಸ್‌ಟಿಯನ್ನೂ ಹಾಗೇ ಎತ್ತಿಡುತ್ತೇನೆ, ಅದು ನಮ್ಮ ದುಡ್ಡಲ್ಲ ಅಲ್ವಾ. ಗಿರಾಕಿ ಕೊಟ್ಟಿಲ್ಲ ಅನ್ನುವ ಮಾತನ್ನು ವಾರವಿಡೀ ದುಡಿದವರಿಗೆ ಹೇಳಲು ನನಗೆ ಇಷ್ಟವಿಲ್ಲ.

ಬ್ಯಾಂಕಿನಲ್ಲಿ ಓಡಿಗೂ (ಓವರ್‌ಡ್ರಾಫ್ಟ್, ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ದುಡ್ಡು ತೆಗೆಯುವ ಸೌಲಭ್ಯ) ಅರ್ಜಿ ಹಾಕಿದ್ದೇನೆ, ಇನ್ನೂ ಮಂಜೂರಾಗಿಲ್ಲ.