ಇಟಲಿಯಲ್ಲಿ ಅಮೆರಿಕದ ತಿಂಡಿಯ ಆಸೆ: ತರಿಸಿಕೊಳ್ಳೋದಾ, ಇಲ್ಲೇ ಮಾಡೋದಾ? ಅನುಭವ ಇರೋರು ಹೇಳಿ

ಡಲ್ಲಾಸ್ ಟು ಬೊಲೊನ್ಯಾ
ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಬಿಟ್ಟು ಬೊಲೊನ್ಯಾಗೆ ಬಂದಿದ್ದೇವೆ. ನಮ್ಮೆಜಮಾನರು ಟೆಕ್ಸಸ್‌ನವರು, ಮಕ್ಕಳಿಬ್ಬರೂ ಅಲ್ಲೇ ಹುಟ್ಟಿ ಬೆಳೆದವರು. ಇಲ್ಲಿನ ತೊರ್ತೆಲ್ಲೀನಿ, ರಗೂ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ಚಾಕೊಲೇಟ್ ಚಿಪ್ ಕುಕೀ, ಮ್ಯಾಕ್ ಅಂಡ್ ಚೀಸ್, ಪಂಪ್ಕಿನ್ ಪೈ ಇಲ್ಲದೆ ಮೂವರಿಗೂ ನವೆಂಬರ್ ಕಳೆಯೋದೇ ಇಲ್ಲ. ಇಲ್ಲಿನ ಸಾಮಾನಲ್ಲಿ ಮಾಡಿದ ಕುಕೀ ಹಪ್ಪಳದ ಹಾಗೆ ಹರಡಿಕೊಳ್ಳುತ್ತೆ. ಅತ್ತೆಯವರಿಂದ ಪಾರ್ಸೆಲ್ ತರಿಸೋದು ವಾಸಿನಾ? ಥ್ಯಾಂಕ್ಸ್‌ಗಿವಿಂಗ್, ಅಂದರೆ ಅಮೆರಿಕದ ನವೆಂಬರ್ ಹಬ್ಬದ ಊಟಕ್ಕೆ ಎಂಟು ಜನ. ಬಾಡಿಗೆ ಮನೆ, 60 ಸೆಂ.ಮೀ. ಓವನ್, ಇಂಡಕ್ಷನ್ ಒಲೆ, 3 ಕಿಲೋವ್ಯಾಟ್ ಮೀಟರ್. ನಾನೊಬ್ಬಳು ಸಸ್ಯಾಹಾರಿ.

ತೊರಿನೊ ರಾವ್
ಪಾರ್ಸೆಲ್ ಗೀರ್ಸೆಲ್ ಬೇಡ. ಕುಕೀ ಹರಡೋದಕ್ಕೆ ಕಾರಣ ಹಿಟ್ಟು ಮತ್ತು ಸಕ್ಕರೆ, ಇಟಲಿ ಅಲ್ಲ.

ಇಲ್ಲಿನ ಅಗ್ಗದ 00 ಅನ್ನೋ ನುಣ್ಣನೆ ಮೈದಾದಲ್ಲಿ ಪ್ರೋಟೀನ್ 9–10 ಶೇಕಡಾ, ಅಮೆರಿಕದ ಆಲ್ ಪರ್ಪಸ್‌ನಲ್ಲಿ 10ರಿಂದ 12. ಪೊಟ್ಟಣದ ಹಿಂದೆ ಪ್ರೋತೆಯಿನೆ ಅಂತ ಬರೆದಿರ್ತಾರೆ, ಓದಿ ತಗೊಳ್ಳಿ. 280 ಗ್ರಾಂ ಬೇಕಿದ್ದರೆ 220 ಗ್ರಾಂ 00, 60 ಗ್ರಾಂ ಮನಿಟೋಬಾ ಅನ್ನೋ ಹೆಚ್ಚು ಪ್ರೋಟೀನಿನ ಹಿಟ್ಟು. ಪೂರ್ತಿ ಮನಿಟೋಬಾ ಹಾಕಿದರೆ ಕುಕೀ ಅಲ್ಲ, ಬನ್ನು.

ಇನ್ನು ಸಕ್ಕರೆ. ಸೂಪರ್‌ಮಾರ್ಕೆಟ್ಟಿನ ತ್ಸುಕ್ಕೆರೊ ದಿ ಕಾನ್ನಾ ಅನ್ನೋ ಕಬ್ಬಿನ ಸಕ್ಕರೆ ಬಣ್ಣಕ್ಕೆ ಮಾತ್ರ ಬ್ರೌನ್. ಅದು ಒಣ ಹರಳು, ತೇವವೇ ಇಲ್ಲ, ಬೆಣ್ಣೆಯಲ್ಲಿ ಕರಗಲ್ಲ. 200 ಗ್ರಾಂ ಬಿಳಿ ಸಕ್ಕರೆಗೆ 20 ಗ್ರಾಂ ಮೆಲಾಸ್ಸಾ, ಅಂದರೆ ಕಾಕಂಬಿ ಹಾಕಿ ಬೆರಳಲ್ಲಿ ತಿಕ್ಕಿದರೆ ಲೈಟ್ ಬ್ರೌನ್ ಶುಗರ್, 40 ಗ್ರಾಂ ಹಾಕಿದರೆ ಡಾರ್ಕ್. ಮೆಲಾಸ್ಸಾ ಸಾವಯವ ಅಂಗಡಿಗಳಲ್ಲಿ ಸಿಗುತ್ತೆ, ಕಬ್ಬಿಂದೇ ತಗೊಳ್ಳಿ.

ಅಳತೆ: ಬೆಣ್ಣೆ 225 ಗ್ರಾಂ, ಬಿಳಿ ಸಕ್ಕರೆ 150, ಬ್ರೌನ್ 160, ಮೊಟ್ಟೆ 2, ಬಿಕಾರ್ಬೊನಾತೊ (ಅಡುಗೆ ಸೋಡಾ) 1 ಟೀ ಚಮಚ, ಉಪ್ಪು 1 ಟೀ ಚಮಚ, ಚಾಕೊಲೇಟ್ 340. ಇಲ್ಲಿನ ಬೆಣ್ಣೆಯಲ್ಲಿ ಕೊಬ್ಬು 82 ಶೇಕಡಾ, ಅಲ್ಲಿ 80. ಅದೂ ಹರಡೋಕೆ ಒಂದಿಷ್ಟು ಕಾರಣ, ಅದಕ್ಕೇ ಕಲಸಿದ ಹಿಟ್ಟನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಮೊಟ್ಟೆ ಇಲ್ಲಿನ ಎಂ ಸೈಜು. ಅಮೆರಿಕದ ಲಾರ್ಜ್ ಅಂದರೆ ಸುಮಾರು 57 ಗ್ರಾಂ, ಇಲ್ಲಿನ ಎಂ 53ರಿಂದ 63. ಎಲ್ ಹಾಕಿದರೆ ಹಿಟ್ಟು ಸಡಿಲ. ಗೊಚ್ಚೆ ದಿ ಚೊಕ್ಕೊಲಾತೊ ಅನ್ನೋ ಚಾಕೊಲೇಟ್ ಚಿಪ್ಪಿನ 125 ಗ್ರಾಂ ಪುಟ್ಟ ಪೊಟ್ಟಣಕ್ಕೆ ದುಡ್ಡು ಸುರಿಯಬೇಡಿ, 50 ಶೇಕಡಾ ಫೊಂದೆಂತೆ, ಅಂದರೆ ಡಾರ್ಕ್ ಚಾಕೊಲೇಟ್ ಬಾರ್ ತಂದು ಚಾಕುವಲ್ಲಿ ಕೊಚ್ಚಿ. ಓವನ್ 190 ಡಿಗ್ರಿ ಸ್ತಾತಿಕೊ (ಫ್ಯಾನ್ ಇಲ್ಲದೆ), 9ರಿಂದ 11 ನಿಮಿಷ. ವೆಂತಿಲಾತೊ, ಅಂದರೆ ಫ್ಯಾನ್ ಇಟ್ಟರೆ 170.

ಬೆಲ್ಲದಚ್ಚು
ಕನ್ನಡದವರು ಕೂತು ಮೆಲಾಸ್ಸಾ ಹುಡುಕೋದು ನೋಡಿ ನಗು ಬರುತ್ತೆ ರಾವ್ ಸಾರ್. ಇಟಲಿಯ ಯಾವ ಊರಿನ ಸ್ಟೇಷನ್ ಹತ್ತಿರ ಬಂಗಾಳಿ ಅಂಗಡಿ ಇಲ್ಲ? ಅಚ್ಚು ಬೆಲ್ಲ ತಂದು ತುರಿಮಣೆಯಲ್ಲಿ ತುರಿದರೆ ಮುಗೀತು. ಬ್ರೌನ್ ಶುಗರ್ 160 ಗ್ರಾಂ ಜಾಗಕ್ಕೆ ಬೆಲ್ಲ 150. ಮೆತ್ತಗಿನ ಬೆಲ್ಲವಾದರೆ ಹಿಟ್ಟು ಒಂದು ಚಮಚ ಜಾಸ್ತಿ. ಬೇಗ ಕೆಂಪಾಗುತ್ತೆ, ಆದ್ದರಿಂದ 10 ಡಿಗ್ರಿ ಇಳಿಸಿ. ಒಳಗೆ ಮೆತ್ತಗೆ, ಅಂಚು ಗರಿಗರಿ. ಒಂದು ಜಾರ್ ಮೆಲಾಸ್ಸಾದ ದುಡ್ಡಲ್ಲಿ ಒಂದು ಕಿಲೋ ಬೆಲ್ಲ ಬರುತ್ತೆ.

ತೊರಿನೊ ರಾವ್
ಬೆಲ್ಲ ಕಾಯಿಸುವಾಗ ಸುಣ್ಣದ ನೀರು ಬಿಡ್ತಾರೆ ಅನ್ನೋದು ಗೊತ್ತಿದೆ ತಾನೇ? ಮೆಲಾಸ್ಸಾದಷ್ಟು ಹುಳಿ ಅದರಲ್ಲಿರಲ್ಲ. ಹುಳಿ ಇಲ್ಲದಿದ್ದರೆ ಸೋಡಾ ಪೂರ್ತಿ ಖರ್ಚಾಗಲ್ಲ, ಬಾಯಲ್ಲಿ ಸೋಪಿನ ರುಚಿ ಉಳಿಯುತ್ತೆ. ಅವರು ಕೇಳಿದ್ದು ಅಮೆರಿಕದ ಕುಕೀ, ನೀವು ಹೇಳ್ತಿರೋದು ಸಜ್ಜಪ್ಪದ ತಮ್ಮ.

ಬೆಲ್ಲದಚ್ಚು
ಸೋಡಾ ಮುಕ್ಕಾಲು ಚಮಚಕ್ಕೆ ಇಳಿಸಿದರೆ ಯಾವ ಸೋಪೂ ಇಲ್ಲ. ತಿನ್ನದೆ ತೀರ್ಪು ಕೊಡಬೇಡಿ.

ರೋಮಾಪುರ
ಮೂಲ ಪ್ರಶ್ನೆ ಪಾರ್ಸೆಲ್‌ದು. ಅದಕ್ಕೆ ಉತ್ತರ ಕೊಡೋರೇ ಇಲ್ಲ.

2021ರ ಜುಲೈ 1ರಿಂದ 22 ಯೂರೋ ಒಳಗಿನ ಪಾರ್ಸೆಲ್‌ಗಿದ್ದ ತೆರಿಗೆ ವಿನಾಯಿತಿ ಹೋಗಿದೆ. ಅಂಗಡಿಯಿಂದ ತರಿಸಿದ್ದು 5 ಯೂರೋದ್ದಾದರೂ ಈವಾ, ಅಂದರೆ ಇಲ್ಲಿನ ವ್ಯಾಟ್ ತೆರಿಗೆ ಕಟ್ಟಬೇಕು. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಕಳಿಸಿದ ಉಡುಗೊರೆ 45 ಯೂರೋ ಒಳಗಿದ್ದರೆ ಮಾತ್ರ ಮಾಫಿ. ದಾಟಿದರೆ ತೆರಿಗೆ, ಅದರ ಮೇಲೆ ಅಂಚೆಯವರ ಕಸ್ಟಮ್ಸ್ ಕೆಲಸದ ಶುಲ್ಕ. ತೆರಿಗೆ ಹಾಕುವಾಗ ಸಾಗಣೆ ಖರ್ಚನ್ನೂ ಸೇರಿಸ್ತಾರೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಫಾರ್ಮಿನಲ್ಲಿ ಬರೀ ‘ತಿಂಡಿ’ ಅಂತ ಬರೆದರೆ ದೊಗಾನಾ, ಅಂದರೆ ಕಸ್ಟಮ್ಸ್‌ನಲ್ಲಿ ಕೊಳೀತಾ ಕೂರುತ್ತೆ. ಒಂದೊಂದು ಪದಾರ್ಥದ ಹೆಸರು, ತೂಕ, ಬೆಲೆ ಬೇರೆ ಬೇರೆ ಬರೆಸಿ.

ಮಾಂಸ, ಹಾಲಿನ ಪದಾರ್ಥ ಯುರೋಪಿಯನ್ ಯೂನಿಯನ್ ಹೊರಗಿಂದ ಪಾರ್ಸೆಲ್‌ನಲ್ಲೂ ಬರಂಗಿಲ್ಲ, ಸೂಟ್‌ಕೇಸಲ್ಲೂ ಬರಂಗಿಲ್ಲ. ಮ್ಯಾಕ್ ಅಂಡ್ ಚೀಸ್ ಡಬ್ಬಿಯ ಕಿತ್ತಳೆ ಬಣ್ಣದ ಪುಡಿ, ರಾಂಚ್ ಸಾಸಿನ ಪುಡಿ ಪೊಟ್ಟಣ ಎರಡರಲ್ಲೂ ಹಾಲಿನ ಪದಾರ್ಥ ಇರುತ್ತೆ. ಡಬ್ಬಿ ಕುಂಬಳ ಬರುತ್ತೆ, ಆದರೆ ಒಂದೊಂದು ಡಬ್ಬಿ 425 ಗ್ರಾಂ. ಅಂಚೆ ಖರ್ಚು ಒಳಗಿನ ಸಾಮಾನಿನ ಬೆಲೆಯನ್ನೇ ಮೀರಿಸುತ್ತೆ. ಅತ್ತೆಯವರು ಖುದ್ದು ಬರುವಾಗ ತರಿಸಬೇಕಾದ್ದು ವೆನಿಲಾ ಎಕ್ಸ್‌ಟ್ರ್ಯಾಕ್ಟ್, ಟಾರ್ಟಿಯಾ ರೊಟ್ಟಿಗೆ ಬೇಕಾದ ಮಾಸಾ ಅನ್ನೋ ಮೆಕ್ಕೆಜೋಳದ ಹಿಟ್ಟು, ಅಳತೆಯ ಕಪ್, ಚಮಚ. ರೋಮ್ ಕಡೆ ಬಂದರೆ ಕೋಲಾ ದಿ ರಿಯೆಂತ್ಸೊ ರಸ್ತೆಯ ಕಾಸ್ತ್ರೋನಿ ಅಂಗಡಿ ನೋಡಿ, ಆಮದು ಸಾಮಾನು ಸಿಗುತ್ತೆ, ಬೆಲೆ ನೋಡಿ ಬೆಚ್ಚಬೇಡಿ. ಪೀನಟ್ ಬಟರ್, ಮಾರ್ಷ್‌ಮ್ಯಾಲೋಗೆ ಲಿಡ್ಲ್ ಸೂಪರ್‌ಮಾರ್ಕೆಟ್ಟಿನ ಅಮೆರಿಕನ್ ವಾರ ಕಾಯಿರಿ.

ವಿಚೆನ್ಸಾ ವಾಸಿ
ಲಂಡನ್ನಿನ ಅಂಗಡಿಗಳಿಂದ ತರಿಸಿ, ಕಸ್ಟಮ್ಸ್ ತಾಪತ್ರಯವೇ ಇಲ್ಲ. ಅಥವಾ ಇಲ್ಲಿ ಅಮೆರಿಕನ್ ಮಿಲಿಟರಿ ಬೇಸ್ ಇದೆಯಲ್ಲ, ಒಳಗಿನ ಅಂಗಡಿಯಲ್ಲಿ ಎಲ್ಲಾ ಸಿಗುತ್ತೆ. ಪರಿಚಯದವರಿದ್ದರೆ ದುಡ್ಡು ಕೊಟ್ಟು ತರಿಸಿಕೊಳ್ಳಿ.

ರೋಮಾಪುರ
ಎರಡು ಸಾಲಲ್ಲಿ ಎರಡು ತಪ್ಪು. ಬ್ರಿಟನ್ 2021ರ ಜನವರಿ 1ರಿಂದ ಯೂನಿಯನ್ನಿನ ಕಸ್ಟಮ್ಸ್ ಹೊರಗಿದೆ. ಅಲ್ಲಿಂದ ಬಂದ ಚೆಡ್ಡರ್ ಅಮೆರಿಕದ್ದರ ಹಾಗೇ ತಡೆಯಲಾಗುತ್ತೆ. ತರಿಸೋದಾದರೆ ಜರ್ಮನಿ ಇಲ್ಲಾ ಐರ್ಲೆಂಡಿನ ಅಂಗಡಿಯಿಂದ. ಬೇಸಿನ ಸಾಮಾನು ತೆರಿಗೆ ಇಲ್ಲದೆ ಸೈನಿಕರ ಬಳಕೆಗೆ ಬಂದದ್ದು, ಹೊರಗಿನವರಿಗೆ ಮಾರಿದರೆ ಕಳ್ಳಸಾಗಣೆ. ಮಾರಿದವನ ಕೆಲಸಕ್ಕೇ ಕುತ್ತು. ಹೊಸದಾಗಿ ಬಂದವರಿಗೆ ಇಂಥಾ ಸಲಹೆ ಕೊಡ್ತೀರಲ್ಲಾ!

ವಿಚೆನ್ಸಾ ವಾಸಿ
ಒಂದು ಡಬ್ಬಿ ಕುಂಬಳಕ್ಕೆ ಯಾವ ಪೊಲೀಸು ಬರ್ತಾನೆ ಸ್ವಾಮಿ? ದೊಡ್ಡ ಕಾನೂನು ಪಂಡಿತರು.

ಪಾದೊವಾ ಅಡುಗೆಮನೆ
ಡಬ್ಬಿ ಕುಂಬಳದ ಮಾತೇ ಬೇಡ. ವೆನೆತೊ, ಮಾಂತೊವಾ ಸೀಮೆಯ ಕುಂಬಳದ ಮುಂದೆ ಡಬ್ಬಿಗೇನು ಬೆಲೆ?

ದೆಲಿಕಾ ಅನ್ನೋ ಹಸಿರು ಸಿಪ್ಪೆಯ ಗುಂಡು ಕುಂಬಳ ತಗೊಳ್ಳಿ, ಇಲ್ಲವಾದರೆ ಮಾಂತೊವಾನಾ. ಉದ್ದನೆಯ ನಾಪೊಲಿ ಕುಂಬಳ ಬೇಡ, ನೀರೇ ನೀರು. ದೆಲಿಕಾ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ಕತ್ತರಿಸೋಕೆ ಹೋಗಿ ಬೆರಳು ಕಳ್ಕೋಬೇಡಿ. ಇಡಿಯಾಗಿ 15 ನಿಮಿಷ ಓವನ್ನಿನಲ್ಲಿಟ್ಟರೆ ಚಾಕು ಇಳಿಯುತ್ತೆ. ಇಡುವ ಮುಂಚೆ ಎರಡು ಮೂರು ಕಡೆ ಚುಚ್ಚಿ, ಇಲ್ಲದಿದ್ದರೆ ಒಡೆಯಬಹುದು. ಆಮೇಲೆ ಅರ್ಧ ಮಾಡಿ, ಬೀಜ ತೆಗೆದು, ಬೋರಲು ಹಾಕಿ 200 ಡಿಗ್ರಿಯಲ್ಲಿ 45 ನಿಮಿಷ. ನೀರಲ್ಲಿ ಮಾತ್ರ ಬೇಯಿಸಬೇಡಿ. ತಿರುಳು ರುಬ್ಬಿ 425 ಗ್ರಾಂ ತೂಗಿ. ದೆಲಿಕಾ ಎಷ್ಟು ಒಣ ಅಂದರೆ ಎರಡು ಮೂರು ಚಮಚ ಹಾಲು ಬೇಕೇ ಬೇಕು, ಇಲ್ಲದಿದ್ದರೆ ಪೈ ಬಿರುಕು ಬಿಡುತ್ತೆ.

ಪೈಗೆ ಹಾಕೋ ಎವಾಪೊರೇಟೆಡ್ ಮಿಲ್ಕ್, ಅಂದರೆ ಸಿಹಿಯಿಲ್ಲದ ಗಟ್ಟಿ ಹಾಲು ಇಲ್ಲಿ ಸುಲಭಕ್ಕಿಲ್ಲ. ಟ್ಯೂಬಲ್ಲಿ ಬರೋ ಲಾತ್ತೆ ಕೊಂದೆನ್ಸಾತೊ ಅನ್ನೋ ಕಂಡೆನ್ಸ್ಡ್ ಮಿಲ್ಕ್ ಸಿಹಿ, ಅದನ್ನ ಹಾಕಿ ಕೆಡಿಸಿಕೊಂಡವರು ಬೇಕಾದಷ್ಟಿದ್ದಾರೆ. ಎವಾಪೊರೇಟೆಡ್ ಬದಲು ಪಾನ್ನಾ ಫ್ರೆಸ್ಕಾ (ತಾಜಾ ಕ್ರೀಮ್) 175 ಮಿಲಿ, ಹಾಲು 175 ಮಿಲಿ. ಪಾನ್ನಾ ದಾ ಕುಚೀನಾ ಅನ್ನೋ ಪುಟ್ಟ ಪೊಟ್ಟಣ ಮುಟ್ಟಬೇಡಿ, ಅದರಲ್ಲಿ ಗಟ್ಟಿ ಮಾಡೋ ಅಂಟು ಸೇರಿಸಿರ್ತಾರೆ. ಮೊಟ್ಟೆ 2, ಸಕ್ಕರೆ 150, ಚಕ್ಕೆ ಪುಡಿ 1 ಟೀ ಚಮಚ, ಶುಂಠಿ ಪುಡಿ ಅರ್ಧ, ಲವಂಗ ಕಾಲು, ಉಪ್ಪು ಅರ್ಧ. 220 ಡಿಗ್ರಿ 15 ನಿಮಿಷ, ಆಮೇಲೆ 175ಕ್ಕಿಳಿಸಿ 40–50. ಮಧ್ಯ ಸ್ವಲ್ಪ ನಡುಗ್ತಾ ಇರುವಾಗಲೇ ಹೊರಗೆ ತೆಗೀರಿ. ಪೈ ತಳದ ಹಿಟ್ಟಿನ ಹಾಳೆಗೆ ಪಾಸ್ತಾ ಬ್ರಿಸೆ ಅನ್ನೋ ಸಿಹಿಯಿಲ್ಲದ ಹಿಟ್ಟಿನ ರೋಲ್ ತನ್ನಿ, ಫ್ರೊಲ್ಲಾ ಬೇಡ, ಅದು ಸಿಹಿ ಬಿಸ್ಕತ್ತಿನ ಹಿಟ್ಟು. ಪೊಟ್ಟಣದ ಹಿಂದೆ ಸ್ತ್ರುತ್ತೊ ಅಂತಿದ್ದರೆ ಹಂದಿ ಕೊಬ್ಬು, ನೀವು ಸಸ್ಯಾಹಾರಿ ಅಂದಿದ್ದಕ್ಕೆ ಹೇಳ್ತಿದ್ದೇನೆ.

ಸಸ್ಯಾಹಾರಿ ಮಿಲಾನೊ
ಸಸ್ಯಾಹಾರಿ ಅಂದಮೇಲೆ ಚೀಸಿನ ಬಗ್ಗೆ ಯಾಕೆ ಯಾರೂ ಬಾಯಿ ಬಿಡಲ್ಲ? ಪಾರ್ಮಿಜಾನೊ ರೆಜ್ಜಾನೊ, ಗ್ರಾನಾ ಪದಾನೊ ಎರಡಕ್ಕೂ ಹಾಲು ಒಡೆಸೋಕೆ ಕರುವಿನ ಹೊಟ್ಟೆಯ ಕಾಲ್ಯೊ, ಅಂದರೆ ರೆನ್ನೆಟ್. ಪೆಕೊರೀನೊ ರೊಮಾನೊಗೆ ಕುರಿಮರಿದು. ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಹಂದಿ ಜೆಲಟಿನ್. ಚೆಡ್ಡರ್ ಹಲವು ಬ್ರ್ಯಾಂಡುಗಳಲ್ಲಿ ಕಾಲ್ಯೊ ಮಿಕ್ರೋಬಿಕೊ, ಅಂದರೆ ಸೂಕ್ಷ್ಮಜೀವಿಯಿಂದ ತಯಾರಾದ ರೆನ್ನೆಟ್ ಇರುತ್ತೆ, ಲೇಬಲ್ ಓದಿ.

ಮ್ಯಾಕ್‌ಗೆ ಕಿಫ್ಫೆರಿ ರಿಗಾತಿ ಅನ್ನೋ ಬಾಗಿದ ಪಾಸ್ತಾ 250 ಗ್ರಾಂ. ಚೆಡ್ಡರ್ 200 ಗ್ರಾಂ, ಹಾಲು 200 ಮಿಲಿ, ಸೋಡಿಯಂ ಸಿಟ್ರೇಟ್ 8 ಗ್ರಾಂ, ಅಂದರೆ ಚೀಸಿನ 4 ಶೇಕಡಾ. ಹಾಲಲ್ಲಿ ಸಿಟ್ರೇಟ್ ಕರಗಿಸಿ, ಕುದಿ ಬರುವ ಮುಂಚೆ ತುರಿದ ಚೆಡ್ಡರ್ ಒಂದೊಂದು ಹಿಡಿ ಹಾಕ್ತಾ ಕಲಸಿ. ಎಣ್ಣೆ ಬಿಡಲ್ಲ, ಮರಳು ಮರಳಾಗಲ್ಲ, ಡಬ್ಬಿಯ ಆ ನುಣುಪೇ ಬರುತ್ತೆ. ಉಪ್ಪು ಕೊನೆಗೆ, ಸಿಟ್ರೇಟೇ ಸ್ವಲ್ಪ ಉಪ್ಪುಪ್ಪು.

ತೊರಿನೊ ರಾವ್
ಬೆಷಮೆಲ್, ಅಂದರೆ ವೈಟ್ ಸಾಸ್ ಮಾಡಿ ಫೊಂತೀನಾ ಚೀಸ್ ಕರಗಿಸಿದರೆ ಮುಗೀತಪ್ಪಾ, ಅಡುಗೆಗೆ ಕೆಮಿಸ್ಟ್ರಿ ಲ್ಯಾಬ್ ಯಾಕೆ?

ಸಸ್ಯಾಹಾರಿ ಮಿಲಾನೊ
ಫೊಂತೀನಾ ಕಾಲ್ಯೊ ಕೂಡ ಕರುವಿಂದೇ. ಈಗಷ್ಟೇ ಬರೆದಿದ್ದೀನಿ. ಸುಣ್ಣದ ನೀರಿನ ಪಾಠ ಮಾಡಿದವರಿಗೆ ಈಗ ಕೆಮಿಸ್ಟ್ರಿ ಬೇಡವಾಯ್ತಾ?

ಡಲ್ಲಾಸ್ ಟು ಬೊಲೊನ್ಯಾ
ದಯವಿಟ್ಟು ಜಗಳ ಬೇಡ. ಹಬ್ಬದ ಟರ್ಕಿ ಕೋಳಿ, ಮತ್ತೆ 3 ಕಿಲೋವ್ಯಾಟ್ ಮೀಟರ್ ಬಗ್ಗೆ ಯಾರಾದರೂ ಹೇಳ್ತೀರಾ?

ಮೀಟರ್ ಬೋರ್ಡ್
ಮೊದಲು ಕರೆಂಟು. 3 ಕಿಲೋವ್ಯಾಟ್ ಕರಾರಿಗೆ ಮೇಲೆ 10 ಶೇಕಡಾ ಬಿಡ್ತಾರೆ, ಅಂದರೆ 3.3. ಓವನ್ ಬಿಸಿಯಾಗುವಾಗ 2ರಿಂದ 2.5, ಇಂಡಕ್ಷನ್ನಿನ ಒಂದು ದೊಡ್ಡ ವಲಯ ಸುಮಾರು 2, ಕೆಟಲ್ 2, ವಾಷಿಂಗ್ ಮಷೀನು ನೀರು ಕಾಯಿಸುವಾಗ 2. ಯಾವ ಎರಡು ಸೇರಿದರೂ ಮಿತಿ ದಾಟಿತು. ಸ್ವಲ್ಪ ದಾಟಿದರೆ ಸ್ವಲ್ಪ ಹೊತ್ತು ಸಹಿಸುತ್ತೆ, ಜಾಸ್ತಿ ದಾಟಿದರೆ ಎರಡು ಮೂರು ನಿಮಿಷದಲ್ಲಿ ಹಾರುತ್ತೆ. ಅಪಾರ್ಟ್‌ಮೆಂಟಿನ ಮೀಟರು ಎಷ್ಟೋ ಕಡೆ ನೆಲಮಾಳಿಗೆಯಲ್ಲಿ ಬೀಗ ಹಾಕಿರುತ್ತೆ, ಕೀ ಎಲ್ಲಿದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಇಂಡಕ್ಷನ್ ಒಲೆಗಳಲ್ಲಿ ಒಟ್ಟು ಮಿತಿ ಕಟ್ಟೋ ಸೆಟ್ಟಿಂಗ್ ಇರುತ್ತೆ, ಅವತ್ತು ಕಡಿಮೆಗೆ ಇಳಿಸಿ. ಖಾಯಂ ಪರಿಹಾರ ಬೇಕಿದ್ದರೆ ಪೊತೆಂತ್ಸಾ ಇಂಪೆನ್ಯಾತಾ, ಅಂದರೆ ಕರಾರಿನ ಕಿಲೋವ್ಯಾಟ್ ಏರಿಸಲು ಕರೆಂಟು ಕಂಪನಿಗೆ ಅರ್ಜಿ, 2017ರಿಂದ ಅರ್ಧ ಅರ್ಧ ಕಿಲೋವ್ಯಾಟಿನಂತೆ ಏರಿಸಬಹುದು. ಬಿಲ್ಲು ನಿಮ್ಮ ಹೆಸರಲ್ಲಿರಬೇಕು.

ಟರ್ಕಿ. ಇಡೀ ಹಕ್ಕಿ ಸೂಪರ್‌ಮಾರ್ಕೆಟ್ಟಿನಲ್ಲಿ ನವೆಂಬರಿಗೆ ಸಿಗೋದು ಅಪರೂಪ, ಫೇಸಾ ಅನ್ನೋ ಎದೆಮಾಂಸದ ಸ್ಲೈಸೇ ಎಲ್ಲ. ಮಾಚೆಲ್ಲಾಯೊ, ಅಂದರೆ ಮಾಂಸದಂಗಡಿಯವರ ಹತ್ತಿರ ಎರಡು ವಾರ ಮುಂಚೆ ತಕ್ಕಿನೆಲ್ಲಾ ಅನ್ನೋ ಸಣ್ಣ ಹೆಣ್ಣು ಟರ್ಕಿ ಹೇಳಿ, 4ರಿಂದ 5 ಕಿಲೋ. ತಕ್ಕೀನೊ ಅಂತ ಮಾತ್ರ ಹೇಳಿದರೆ 10 ಕಿಲೋ ಮೀರಿದ ಗಂಡು ಬಂದೀತು, ನಿಮ್ಮ ಓವನ್ ಬಾಗಿಲು ಹಾಕೋಕಾಗಲ್ಲ. ತಲೆ, ಕಾಲು, ಒಳಗಿನದೆಲ್ಲ ತೆಗೆದು, ಬೆನ್ನುಮೂಳೆ ಕತ್ತರಿಸಿ ಚಪ್ಪಟೆ ಮಾಡಿಕೊಡಿ ಅಂತ ಅವರಿಗೇ ಹೇಳಿ. ಓವನ್ನಿನ ದೊಡ್ಡ ತಟ್ಟೆ ಪೂರ್ತಿ ತುಂಬುತ್ತೆ, ಜೊತೆಗೆ ಬೇರೇನೂ ಹಿಡಿಯಲ್ಲ. ಕಿಲೋಗೆ 12 ಗ್ರಾಂ ಉಪ್ಪು ಸವರಿ ಎರಡು ದಿನ ಫ್ರಿಜ್ಜಿನಲ್ಲಿ ಮುಚ್ಚದೆ ಇಡಿ. 210 ಡಿಗ್ರಿಯಲ್ಲಿ ಸುಮಾರು ಒಂದೂಕಾಲು ಗಂಟೆ. ಗಡಿಯಾರ ನಂಬಬೇಡಿ, ಥರ್ಮಾಮೀಟರು ಚುಚ್ಚಿ ತೊಡೆಯಲ್ಲೂ ಎದೆಯಲ್ಲೂ 74 ಡಿಗ್ರಿ ನೋಡಿ. ಥ್ಯಾಂಕ್ಸ್‌ಗಿವಿಂಗ್ ಗುರುವಾರ ಇಲ್ಲಿ ರಜೆಯಿಲ್ಲ, ಶನಿವಾರ ಇಟ್ಟುಕೊಳ್ಳಿ. ಪೈ ಹಿಂದಿನ ದಿನವೇ ಆಗಿರಲಿ. ಕ್ರ್ಯಾನ್‌ಬೆರಿ ಬದಲು ಐಕಿಯಾದ ಲಿಂಗನ್‌ಬೆರಿ ಜಾಮ್.

ಬೆಲ್ಲದಚ್ಚು
ಎಂಟು ಜನಕ್ಕೆ ಇಡೀ ಟರ್ಕಿ ಯಾಕೆ? ಚರ್ಮ ಇರುವ ಫೇಸಾ ಎರಡು ಕಿಲೋ, ಸೊವ್ರಾಕೋಶೆ, ಅಂದರೆ ತೊಡೆ ತುಂಡು ನಾಲ್ಕು. ಅರ್ಧ ದುಡ್ಡು.

ಮೀಟರ್ ಬೋರ್ಡ್
ಟೆಕ್ಸಸ್‌ನವರ ಮುಂದೆ ತುಂಡು ಟರ್ಕಿ ಇಟ್ಟು ನೋಡಿ.

ಡಲ್ಲಾಸ್ ಟು ಬೊಲೊನ್ಯಾ
ತಕ್ಕಿನೆಲ್ಲಾ ಹೇಳಿ ಬಂದೆ, ಬೆನ್ನುಮೂಳೆ ಅವರೇ ತೆಗೆದುಕೊಡ್ತಾರಂತೆ. ಕೊನೇ ಪ್ರಶ್ನೆ: ಕಾರ್ನ್‌ಬ್ರೆಡ್‌ಗೆ ಪೊಲೆಂತಾ ಅನ್ನೋ ಮೆಕ್ಕೆಜೋಳದ ಹಿಟ್ಟು ನಡೆಯುತ್ತಾ?

ಪಾದೊವಾ ಅಡುಗೆಮನೆ
ಫಿಯೊರೆತ್ತೊ ಅಂತ ಬರೆದಿರೋ ನಯವಾದ ಹಿಟ್ಟು. ಬ್ರಾಮಾತಾ ರವೆಯಂಥದ್ದು, ಹಲ್ಲಿಗೆ ಸಿಗುತ್ತೆ. ಇಸ್ತಂತಾನೆಯಾ ಖಂಡಿತ ಬೇಡ, ಅದು ಮೊದಲೇ ಬೆಂದ ಹಿಟ್ಟು, ಇರೋ ನೀರನ್ನೆಲ್ಲ ಕುಡಿದು ಇಟ್ಟಿಗೆಯಾಗುತ್ತೆ. ಫಿಯೊರೆತ್ತೊ 150, ಮೈದಾ 120, ಬೆಣ್ಣೆ 60, ಮೊಟ್ಟೆ 2, ಬೇಕಿಂಗ್ ಪೌಡರ್ 10 ಗ್ರಾಂ. ಪೌಡರ್ ತೋರ್ತೆ ಸಲಾತೆ, ಅಂದರೆ ಸಿಹಿಯಿಲ್ಲದ ಪೈಗೆ ಅಂತ ಇರೋದನ್ನೇ ತಗೊಳ್ಳಿ, ಪೆರ್ ದೋಲ್ಚಿ (ಸಿಹಿತಿಂಡಿಗೆ) ಪೊಟ್ಟಣದಲ್ಲಿ ಸಾಮಾನ್ಯವಾಗಿ ವೆನಿಲಾ ವಾಸನೆ ಬೆರೆಸಿರ್ತಾರೆ. ಬಟರ್‌ಮಿಲ್ಕ್ ಬದಲು 160 ಗ್ರಾಂ ಮೊಸರಿಗೆ 80 ಮಿಲಿ ಹಾಲು. ಕಬ್ಬಿಣದ ಬಾಣಲೆ, 200 ಡಿಗ್ರಿ, 20–25 ನಿಮಿಷ. ಸಕ್ಕರೆ ಎರಡು ಚಮಚ.

ವಿಚೆನ್ಸಾ ವಾಸಿ
ಟೆಕ್ಸಸ್ ಕಾರ್ನ್‌ಬ್ರೆಡ್‌ಗೆ ಸಕ್ಕರೆನಾ? ನಿಮಗೆ ಯಾರು ಹೇಳಿಕೊಟ್ಟರು?